ಕಾಪಿಡಲು ಫೈಲು, ಕೇಳಿಸಲು ಕ್ಯಾಸೆಟ್

ಸೂರತ್ತಿನಿಂದ ದಕ್ಷಿಣಕ್ಕೆ, ಮುಂಬೈ–ಅಹಮದಾಬಾದ್ ರೈಲು ಹಾದಿಯ ಮೇಲೆ ಸಚಿನ್ ಎಂಬ ಊರಿದೆ. 1791ರಿಂದ 1948ರವರೆಗೆ ಸಿದ್ದಿ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಈಗ ಜಿಐಡಿಸಿ ಕೈಗಾರಿಕಾ ವಸಾಹತು, ಮಗ್ಗಗಳು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು. ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿದ ಇಬ್ಬರು ಕನ್ನಡಿಗರು ಮಾತಿಗೆ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರು ಚಿಕ್ಕಪ್ಪ, ಇನ್ನೊಬ್ಬಳು ಅವರ ಅಣ್ಣನ ಮಗಳು. ಕಂಪ್ಯೂಟರಿನಲ್ಲಿರುವ ಹಾಡುಗಳನ್ನು ಜೋಡಿಸಿ ಕ್ಯಾಸೆಟ್ಟಿಗೆ ತುಂಬುವುದರಲ್ಲಿ, ಅಂದರೆ ಮಿಕ್ಸ್‌ಟೇಪು ಮಾಡುವುದರಲ್ಲಿ, ಅರ್ಥವಿದೆಯೇ ಎಂಬುದು ಚರ್ಚೆ. ಹೆಸರುಗಳ ಅಗತ್ಯವಿಲ್ಲ.

ಚಿಕ್ಕಪ್ಪ: ಕ್ಯಾಸೆಟ್ಟಿನಿಂದ ಬಿಡುಗಡೆಯಾದರೆ ಸಾಕು ಅಂತ ನಮ್ಮ ತಲೆಮಾರು ಕಾದದ್ದು ನಿಮಗೆ ಗೊತ್ತಿಲ್ಲ. ಟೇಪು ಪ್ಲೇಯರಿನೊಳಗೆ ಸಿಕ್ಕಿಕೊಳ್ಳುತ್ತಿತ್ತು, ಹೆಡ್ಡಿಗೆ ಕೊಳೆ ಕಟ್ಟುತ್ತಿತ್ತು, ನಮ್ಮ ಕಡೆಯ ಮಳೆಗಾಲದಲ್ಲಿ ರೀಲಿಗೆ ಬೂಷ್ಟು ಹಿಡಿಯುತ್ತಿತ್ತು. ಬೇಕಾದ ಒಂದು ಹಾಡಿಗೆ ಹಿಂದೆ ಮುಂದೆ ಓಡಿಸಿ ಓಡಿಸಿ ಸಾಕಾಗುತ್ತಿತ್ತು. ಅಳತೆಗೆ ಬಂದರೂ ಇದೇ ಕಥೆ. ಸಿ.ಡಿ.ಯಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ. ಸಾಮಾನ್ಯ ಫೆರಿಕ್ ಟೇಪಿನಲ್ಲಿ, ಗದ್ದಲ ತಗ್ಗಿಸುವ ಡಾಲ್ಬಿ ಇಲ್ಲದೆ, 50–55 ಸಿಕ್ಕರೆ ದೊಡ್ಡದು. ಅದರಿಂದ ಕೆಳಗೆ ಬರೀ ಸರಸರ ಸದ್ದು. ಹೀಗಿರುವಾಗ ಚೊಕ್ಕವಾಗಿರುವ ಹಾಡನ್ನು ಕಂಪ್ಯೂಟರಿನಿಂದ ತೆಗೆದು, ತಂತಿ ಎಳೆದು, ಅದನ್ನು ಹಾಳು ಮಾಡುವ ಡಬ್ಬಿಗೆ ತುಂಬುವುದು ಯಾವ ಜಾಣತನ ಮಗಳೇ?

ಮಗಳು: ಹಾಳಾಗುತ್ತದೆ ಎಂಬುದನ್ನು ನಾನು ಮೊದಲೇ ಒಪ್ಪಿಬಿಡುತ್ತೇನೆ ಚಿಕ್ಕಪ್ಪ. ಟೇಪಿನಲ್ಲಿ ದನಿ ಇಂಪಾಗುತ್ತದೆ, ಜೀವ ಬರುತ್ತದೆ ಎನ್ನುವವರು ಇದ್ದಾರೆ. ಅವರ ಪಕ್ಷ ನನ್ನದಲ್ಲ. ಅವರು ಇಂಪು ಎನ್ನುವುದರಲ್ಲಿ ಬಹುಪಾಲು ಮೇಲಿನ ಕಂಪನಾಂಕಗಳು ಸವೆದು ಹೋಗಿರುವುದು, ಜೋರು ಭಾಗಗಳಲ್ಲಿ ಕಾಂತೀಯ ಕಣಗಳು ಇನ್ನು ಹಿಡಿಯಲಾರದೆ ದನಿಯ ಮೊನೆ ಮೊಂಡಾಗಿರುವುದು, ಇಷ್ಟೆ. ನಾನು ಹೇಳುವುದು ಬೇರೆ. ಸಂಗೀತವನ್ನು ಕಾಪಾಡಿಕೊಳ್ಳುವುದು ಒಂದು ಕೆಲಸ, ಆರಿಸಿ ಜೋಡಿಸಿ ಒಬ್ಬರಿಗೆ ಕೇಳಿಸುವುದು ಇನ್ನೊಂದು. ಮೊದಲನೆಯದನ್ನು ಟೇಪು ಯಾವತ್ತೂ ಚೆನ್ನಾಗಿ ಮಾಡಲಿಲ್ಲ. ನಿಮ್ಮ ದೂರುಗಳೆಲ್ಲ ಅದರ ಮೇಲೆಯೇ. ಎರಡನೆಯದನ್ನು ಡಿಜಿಟಲ್ ಪಟ್ಟಿಗಳು ಚೆನ್ನಾಗಿ ಮಾಡುತ್ತಿಲ್ಲ. ಆಪ್‌ನಲ್ಲಿರುವ ಪ್ಲೇಲಿಸ್ಟಿಗೆ ಮುಕ್ತಾಯವಿಲ್ಲ: ನಿನ್ನೆ 40 ಹಾಡು, ಇವತ್ತು 60, ಮುಗಿದ ಮೇಲೆ ಅದು ತಾನೇ ಏನನ್ನೋ ಹಾಡತೊಡಗುತ್ತದೆ. ಯಾವ ಹಾಡು ಬೇಡ ಎಂದು ಯಾರೂ ನಿರ್ಧರಿಸಬೇಕಾಗಿಲ್ಲ. ಸಿ–90 ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಹತ್ತನೆಯ ಹಾಡು ಬೇಕಾದರೆ ಒಳಗಿರುವ ಒಂಬತ್ತರಲ್ಲಿ ಒಂದನ್ನು ಹೊರಗೆ ಕಳಿಸಬೇಕು. ಆ ತೀರ್ಮಾನವೇ ಮಿಕ್ಸ್‌ಟೇಪು, ಉಳಿದದ್ದು ಪ್ಲಾಸ್ಟಿಕ್ಕು.

ಚಿಕ್ಕಪ್ಪ: ಪ್ಲಾಸ್ಟಿಕ್ಕು ಅಂದದ್ದು ಸರಿಯಾಯಿತು. ಟೇಪಿನ ತಳದ ಪದರ ಪಾಲಿಯೆಸ್ಟರ್. ಈ ಊರಿನ ಮಗ್ಗಗಳಲ್ಲಿ ಹಗಲೂ ರಾತ್ರಿ ಓಡುವ ದಾರವೂ ಅದೇ ಪಾಲಿಮರ್. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾದರೆ 45 ನಿಮಿಷಕ್ಕೆ 128 ಮೀಟರಿಗೂ ಮೇಲೆ. ಐದೂವರೆ ಮೀಟರಿನ ಸೀರೆ ಲೆಕ್ಕದಲ್ಲಿ ಇಪ್ಪತ್ತಮೂರು ಸೀರೆ ಉದ್ದ, ನಾಲ್ಕು ಮಿಲಿಮೀಟರ್ ಕೂಡ ಇಲ್ಲದ ಅಗಲ! ಇರಲಿ, ತಮಾಷೆ. ನನ್ನ ನಿಜವಾದ ಪ್ರಶ್ನೆ ಕೇಳು. 45 ನಿಮಿಷದ ಮಿತಿ ಅಷ್ಟು ದೊಡ್ಡದಾದರೆ ಕಂಪ್ಯೂಟರಿನಲ್ಲೇ ಹಾಕಿಕೋ. 45 ನಿಮಿಷ ಆಗುತ್ತಲೇ ನಿಲ್ಲಿಸು, ಒಂದೇ ಫೈಲು ಮಾಡು, ಕಳಿಸು. ಕ್ಯಾಸೆಟ್ ಯಾಕೆ?

ಮಗಳು: ಈ ವಿಷಯದಲ್ಲಿ ಎತ್ತಬಹುದಾದ ಆಕ್ಷೇಪಣೆಗಳಲ್ಲಿ ಗಟ್ಟಿಯಾದದ್ದು ಇದೇ. ಅರ್ಧ ಒಪ್ಪುತ್ತೇನೆ. ಆ ಶಿಸ್ತು ಇರುವವರಿಗೆ ಕ್ಯಾಸೆಟ್ ಬೇಕಾಗಿಲ್ಲ. ಆದರೆ ಬೇಕೆಂದಾಗ ಸಡಿಲಿಸಬಹುದಾದ ಮಿತಿ ಕೊನೆಗೆ ಸಡಿಲಾಗಿಯೇ ಹೋಗುತ್ತದೆ, ಮತ್ತು ಮಿತಿ ಜೋಡಿಸುವವರಿಗೆ ಮಾತ್ರವಲ್ಲ, ಕೇಳುವವರಿಗೂ ಅನ್ವಯಿಸಬೇಕು. ಫೈಲಿನಲ್ಲಿ ಕೇಳುಗರು ಬೆರಳಾಡಿಸಿ ಮುಂದೆ ಹಾರುತ್ತಾರೆ. ಟೇಪಿನಲ್ಲಿ ಹಾರುವುದು ತೊಂದರೆಯ ಕೆಲಸವಾದ್ದರಿಂದ ಹೆಚ್ಚಿನವರು ಕೇಳುತ್ತಾರೆ. ನೀವು ದೋಷ ಎಂದು ಹೇಳಿದ ಹಿಂದೆಮುಂದೆ ಓಡಿಸುವ ಕಷ್ಟವೇ ಇಲ್ಲಿ ಜೋಡಣೆಯನ್ನು ಕಾಯುತ್ತದೆ. ಮಿತಿ ಸಂಗೀತದ ರೂಪವನ್ನೇ ಬದಲಿಸಿದ್ದಕ್ಕೆ ಸಾಕ್ಷಿ ಈ ಗುಜರಾತಿನಲ್ಲೇ ಇದೆ. ನಾನ್‌ಸ್ಟಾಪ್ ಗರ್ಬಾ ಕ್ಯಾಸೆಟ್ಟುಗಳನ್ನು ನೆನಪಿಸಿಕೊಳ್ಳಿ. ಹಾಡು ಹಾಡಿನ ನಡುವೆ ಬಿಡುವಿಲ್ಲದೆ, ತಾಳ ತಪ್ಪದೆ, ನಿಧಾನದಿಂದ ಚುರುಕಿಗೆ ಏರುತ್ತ ಬದಿ ಮುಗಿಯುವವರೆಗೆ ಒಂದೇ ಓಟ. ಕುಣಿಯುವವರ ಅಗತ್ಯ ಅದು, ನಿಜ. ಆದರೆ ಮೂರು ನಿಮಿಷದ 78 ಆರ್‌ಪಿಎಂ ತಟ್ಟೆಯಲ್ಲಿ ಅದು ಕೂರುತ್ತಿರಲಿಲ್ಲ. ಬದಿ ಅನ್ನುವುದೇ ಅಲ್ಲಿ ರಚನೆಯ ಘಟಕವಾಯಿತು. ನಮ್ಮ ಕಡೆ ಇದರ ತಿರುಗುಮುರುಗು ನಡೆಯಿತು: ರಾತ್ರಿಯಿಡೀ ಆಡುವ ಯಕ್ಷಗಾನ ಪ್ರಸಂಗವನ್ನು ಕೆಲವೇ ಕ್ಯಾಸೆಟ್ಟುಗಳಿಗೆ ಇಳಿಸಬೇಕಾದಾಗ ಯಾವ ಪದ್ಯ ಇರಬೇಕು, ಯಾವ ಅರ್ಥ ಮೊಟಕಾಗಬೇಕು ಎಂದು ಭಾಗವತರು ಕುಳಿತು ಯೋಚಿಸಬೇಕಾಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತಲ್ಲ, ಒಬ್ಬ ಕವಿಯ ಹಾಡುಗಳನ್ನು ಒಟ್ಟಿಗೆ, ಒಂದು ಕ್ರಮದಲ್ಲಿ ಕೇಳುವ ಅಭ್ಯಾಸ ಕನ್ನಡ ಮನೆಗಳಿಗೆ ಬಂದದ್ದು ಅದರ ಹಿಂದೆಯೇ.

ಚಿಕ್ಕಪ್ಪ: ಅವೆಲ್ಲ ಕಂಪನಿಗಳು ತಂದ ಕ್ಯಾಸೆಟ್. ನೀನು ಮಾಡುವುದು ನಾಲ್ಕು ಕಡೆಯಿಂದ ಹೆಕ್ಕಿ ತುಂಬಿದ್ದು. ಅದಕ್ಕೆ ನಮ್ಮಲ್ಲಿ ಅಂಗಡಿಗಳಿದ್ದವು. ಹಾಡಿನ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟರೆ ಎರಡು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ರೆಕಾರ್ಡು ಅಥವಾ ಟೇಪಿನಿಂದ ಟೇಪಿಗೆ. ಕ್ಯಾಸೆಟ್ಟಿನ ಮೇಲೆ ಪ್ರೀತಿ ಇರುವ ಯಾರನ್ನಾದರೂ ಕೇಳಿ ನೋಡು, ಮೂಲವೇ ಡಿಜಿಟಲ್ ಆದಮೇಲೆ ಟೇಪು ವೇಷ ಮಾತ್ರ ಅನ್ನುತ್ತಾರೆ. ನನಗೆ ಆ ಮಾತು ತೀರ ತಪ್ಪು ಅನಿಸುವುದಿಲ್ಲ.

ಮಗಳು: ತಪ್ಪು ಅಂತಲೇ ನನ್ನ ವಾದ, ಮತ್ತು ಪುರಾವೆ ಆ ಅಂಗಡಿಯಲ್ಲೇ ಇದೆ. ಅಂಗಡಿಯವರು ಟೇಪಿನಿಂದ ಟೇಪಿಗೆ ಇಳಿಸಿದಾಗ ಮೂಲದ ಸರಸರದ ಮೇಲೆ ನಕಲಿನ ಸರಸರ ಕೂಡುತ್ತಿತ್ತು. ಆ ನಕಲನ್ನು ಗೆಳೆಯರು ಇನ್ನೊಮ್ಮೆ ನಕಲಿಸಿಕೊಂಡರೆ ಮೂರನೆಯ ಪದರ. ಜೋಡಿ ಡೆಕ್ಕಿನಲ್ಲಿ ದುಪ್ಪಟ್ಟು ವೇಗದಲ್ಲಿ ಓಡಿಸಿದರಂತೂ ತಾರಕದ ದನಿಗಳು ಎಲ್ಲಿ ಹೋದವೋ. ಪೀಟರ್ ಮ್ಯಾನುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ಉತ್ತರ ಭಾರತದ ಕ್ಯಾಸೆಟ್ ಮಾರುಕಟ್ಟೆಯನ್ನು ವಿವರವಾಗಿ ಕಟ್ಟಿಕೊಟ್ಟಿದ್ದಾರೆ. ಒಂದೇ ದೊಡ್ಡ ಕಂಪನಿಯ ಹಿಡಿತ ತಪ್ಪಿ ಪ್ರಾದೇಶಿಕ ಸಂಗೀತ ಚಿಗುರಿದ್ದು ಅದರಲ್ಲಿದೆ, ಕಳ್ಳನಕಲು ಹಬ್ಬಿದ್ದೂ ಇದೆ. ಆ ಕಾಲದ ಕ್ಯಾಸೆಟ್ ಕೆಟ್ಟದಾಗಿ ಕೇಳಿಸಿದ್ದಕ್ಕೆ ಅರ್ಧ ಕಾರಣ ಟೇಪಲ್ಲ, ನಕಲಿನ ನಕಲು. ಈಗ ಸಂಕುಚಿತಗೊಳಿಸದ ಫೈಲಿನಿಂದ ನೇರ ಟೇಪಿಗೆ ಹೋದರೆ ಹತ್ತು ಜನರಿಗೆ ಹತ್ತು ಕ್ಯಾಸೆಟ್ ಮಾಡಿದರೂ ಹತ್ತೂ ಮೊದಲನೆಯ ತಲೆಮಾರಿನವೇ. ಡೆಕ್ಕು ಒಂದನ್ನು ತಿಂದುಹಾಕಿದರೆ ಅದೇ ಕ್ರಮದಲ್ಲಿ ಇನ್ನೊಂದು ಮಾಡಬಹುದು. ಹಾಗಾಗಿ ಕಂಪ್ಯೂಟರು ಟೇಪಿಗೆ ಮೈಲಿಗೆ ತಂದಿಲ್ಲ. ಮನೆಯ ಕ್ಯಾಸೆಟ್ಟಿಗೆ ಹಿಂದೆ ಯಾವತ್ತೂ ಇಲ್ಲದಿದ್ದ ಗಟ್ಟಿ ಮೂಲವೊಂದನ್ನು ಕೊಟ್ಟಿದೆ.

ಚಿಕ್ಕಪ್ಪ: ಅಂದರೆ ಕಂಪ್ಯೂಟರು ಮಾಡುವುದು ಬರೀ ಹಾಡನ್ನು ಹೊರಗೆ ಕಳಿಸುವ ಕೆಲಸವೇ? ಅಷ್ಟಕ್ಕೆ ಮೊಬೈಲಿನ ಇಯರ್‌ಫೋನ್ ರಂಧ್ರ ಸಾಕಲ್ಲ.

ಮಗಳು: ಸಾಲದು, ಸಾಫ್ಟ್‌ವೇರಿನ ನಿಜವಾದ ಬೆಲೆ ಇಲ್ಲಿದೆ. ಒಡಾಸಿಟಿಯನ್ನೇ ತೆಗೆದುಕೊಳ್ಳಿ, 2000ದಿಂದ ಉಚಿತವಾಗಿ ಸಿಗುತ್ತಿದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲ ಸಮಸ್ಯೆ ಜೋರಿನದು. 1950ರ ದಶಕದ ಚಿತ್ರಗೀತೆ ಮೆತ್ತಗಿರುತ್ತದೆ, ಈಚಿನದು ಕಿವಿಗೆ ಬಡಿಯುತ್ತದೆ. ಡೆಕ್ಕಿನ ರೆಕಾರ್ಡಿಂಗ್ ಗುಂಡಿಯನ್ನು ಹಾಡಿಗೊಮ್ಮೆ ತಿರುಗಿಸುತ್ತ ಕೂರುವುದು ಹಳೆಯ ರೀತಿ. ಬರೀ ದನಿಯ ಶಿಖರಗಳನ್ನು ಸರಿಗಟ್ಟಿದರೆ ಉಪಯೋಗವಿಲ್ಲ, ಯಾಕೆಂದರೆ ಎರಡು ಹಾಡುಗಳ ಶಿಖರ ಒಂದೇ ಇದ್ದರೂ ಕಿವಿಗೆ ಒಂದು ಜೋರು, ಒಂದು ಮೆಲು. ಕೇಳಿಕೆಯ ಸರಾಸರಿ ಜೋರನ್ನು ಅಳೆಯುವ ಎಲ್‌ಯುಎಫ್‌ಎಸ್ ಮಾನದಲ್ಲಿ ಎಲ್ಲವನ್ನೂ ಒಂದು ಮಟ್ಟಕ್ಕೆ ತಂದರೆ ಗುಂಡಿಯನ್ನು ಒಮ್ಮೆ ಇಟ್ಟರೆ ಆಯಿತು. ಎರಡನೆಯದು ಟೇಪಿನ ಸ್ವಭಾವ. ಅದು ತಾರಕದ ಜೋರನ್ನು ತಾಳಲಾರದು; ತಾಳದ ಝಣತ್ಕಾರ, ಗಾಯಕಿಯ ಸಕಾರ ಮೊದಲು ಒಡೆಯುತ್ತವೆ. ಇಂಥ ಕಡೆ ಮೊದಲೇ ಸ್ವಲ್ಪ ತಗ್ಗಿಸಿ, 16 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಇಳಿಸಿಬಿಟ್ಟರೆ ಕಳೆದುಕೊಳ್ಳುವುದು ಹೆಚ್ಚಿಲ್ಲ, ಟೇಪಿನಲ್ಲಿ ಉಳಿಯುವುದು ಶುದ್ಧವಾಗಿರುತ್ತದೆ. ಮೂರನೆಯದು ಕಾಲ. ಕ್ಯಾಸೆಟ್ಟಿನ ಮೊದಲಲ್ಲಿ ಕಾಂತೀಯ ಲೇಪವಿಲ್ಲದ ಲೀಡರ್ ಪಟ್ಟಿ ಇರುತ್ತದೆ. ಆ ಐದಾರು ಸೆಕೆಂಡು ಮೌನ ಬಿಡದಿದ್ದರೆ ಮೊದಲ ಹಾಡಿನ ತಲೆ ಹೋಗುತ್ತದೆ. ಡೆಕ್ಕಿನ ಮೋಟಾರು ಶೇಕಡಾ ಒಂದರಷ್ಟು ಹೆಚ್ಚು ವೇಗದಲ್ಲಿ ಓಡಿದರೂ 45 ನಿಮಿಷಕ್ಕೆ 27 ಸೆಕೆಂಡು ಕಡಿಮೆ ಬೀಳುತ್ತದೆ. ಹಾಗಾಗಿ ಒಟ್ಟು ಜೋಡಣೆ 44 ನಿಮಿಷ ದಾಟಬಾರದು. ಹಾಡುಗಳ ನಡುವೆ ನಾಲ್ಕು ಸೆಕೆಂಡು ಮೌನವಿಟ್ಟರೆ ಹಳೆಯ ಡೆಕ್ಕುಗಳ ಹಾಡು ಹುಡುಕುವ ಸೌಲಭ್ಯವೂ ಕೆಲಸ ಮಾಡುತ್ತದೆ. ಇಷ್ಟನ್ನು ಪರದೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಬದಿಗೊಂದು ಉದ್ದನೆಯ ಫೈಲು ಮಾಡಿ, ಕಂಪ್ಯೂಟರಿನ ಲೈನ್ ಔಟನ್ನು ಡೆಕ್ಕಿನ ಲೈನ್ ಇನ್ನಿಗೆ ಕೊಟ್ಟು ಓಡಿಸುವುದು. ಅಧಿಸೂಚನೆಗಳ ಸದ್ದನ್ನು ಮಾತ್ರ ಮರೆಯದೆ ಆರಿಸಿರಬೇಕು. ಭೀಮಸೇನ ಜೋಶಿಯವರ ವಿಲಂಬಿತದ ನಡುವೆ ಮೇಲ್ ಬಂದ ‘ಟಿಂಗ್’ ಸೇರಿದರೆ ಟೇಪು ಇರುವಷ್ಟು ಕಾಲ ಅದೂ ಇರುತ್ತದೆ.

(ಬರೆಯುವವರ ಒಂದು ಮಾತು ಇಲ್ಲಿ ಸೇರಲಿ. ಈ ಹುಡುಗಿ ಹೇಳುವ ಕ್ರಮದಲ್ಲಿ ಯಂತ್ರಕ್ಕೆ ಬಿಟ್ಟದ್ದೆಲ್ಲ ಅಳತೆಯ ಕೆಲಸ, ತನ್ನ ಬಳಿ ಇಟ್ಟುಕೊಂಡದ್ದು ಆಯ್ಕೆಯ ಕೆಲಸ. ಆ ಗೆರೆ ದಾಟಿ ಹಾಡುಗಳ ಕ್ರಮವನ್ನೂ ಯಂತ್ರವೇ ಸೂಚಿಸತೊಡಗಿದರೆ ಅವಳ ವಾದವೇ ಉಳಿಯುವುದಿಲ್ಲ. ಅವಳು ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು.)

ಚಿಕ್ಕಪ್ಪ: ಫೈಲು ಕಾಪಾಡುತ್ತದೆ ಅಂತ ನೀನು ಬಹಳ ನಂಬಿಕೆಯಿಂದ ಹೇಳುತ್ತೀ. ಈ ಊರಿನ ನೆಲದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬೈನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಅದರ ನಾಯಕಿ ಜುಬೈದಾ. ಸಚಿನ್‌ನ ನವಾಬ ಮೂರನೆಯ ಇಬ್ರಾಹಿಂ ಮಹಮ್ಮದ್ ಯಾಕೂತ್ ಖಾನ್ ಮತ್ತು ಫಾತ್ಮಾ ಬೇಗಂ ಅವರ ಮಗಳು ಎಂದೇ ಚಿತ್ರಚರಿತ್ರೆಗಳು ಹೇಳುತ್ತವೆ. ಅಂಥ ಚಿತ್ರದ ಒಂದು ಪ್ರತಿಯೂ ಇವತ್ತು ಸಿಗುವುದಿಲ್ಲ. ಏಳು ಹಾಡು ಇದ್ದವಂತೆ, ಚಿತ್ರದಲ್ಲಿ ಅವು ಹೇಗೆ ಕೇಳಿಸಿದವೋ ಯಾರಿಗೂ ಗೊತ್ತಿಲ್ಲ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’, 1934ರದ್ದು, ಅದರ ಗತಿಯೂ ಅದೇ.  ಹಾಗೆಯೇ ಹಾರ್ಡ್‌ಡಿಸ್ಕ್ ಹೋಗುವುದಿಲ್ಲವೇ?

ಮಗಳು: ಹೋಗುತ್ತದೆ. ಆದರೆ ನೀವು ಕೊಟ್ಟ ಉದಾಹರಣೆ ನನ್ನ ಕಡೆಗೇ ವಾಲುತ್ತದೆ. ಆ ಚಿತ್ರಗಳು ಹೋದದ್ದು ಪ್ರತಿಗಳು ಕಡಿಮೆ ಇದ್ದುದರಿಂದ. ಒಂದೊಂದು ಪ್ರತಿ ಮಾಡಲೂ ದುಡ್ಡು, ಪ್ರಯೋಗಾಲಯ ಬೇಕಿತ್ತು. ಫೈಲನ್ನು ಮೂರು ಕಡೆ ಇಡಲು ಖರ್ಚು ಹೆಚ್ಚಿಲ್ಲ, ಮೂರೂ ಅಕ್ಷರಶಃ ಒಂದೇ. ಒಂದು ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳಬಹುದು. ಈ ಗುಣ ಟೇಪಿಗಿಲ್ಲ, ಅದಕ್ಕೇ ಕಾಪಿಡುವ ಕೆಲಸ ಫೈಲಿಗೆ ಎಂದೆ. ಬಾಡಿಗೆಗೆ ಸಿಗುವ ಹಾಡಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. 2023ರ ಮಾರ್ಚ್‌ನಲ್ಲಿ ಪರವಾನಗಿ ಮಾತುಕತೆ ಮುರಿದು ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈಯಿಂದ ಕಾಣೆಯಾದವು. ಆಮೇಲೆ ಮರಳಿ ಬಂದವು, ಆದರೆ ನಡುವಿನ ತಿಂಗಳುಗಳಲ್ಲಿ ಜನರ ಪಟ್ಟಿಗಳಲ್ಲಿ ಬೂದು ಬಣ್ಣದ ಸಾಲುಗಳಷ್ಟೇ ಇದ್ದವು. 2024ರಲ್ಲಿ ವಿಂಕ್ ಮ್ಯೂಸಿಕ್ ಬಾಗಿಲು ಹಾಕಿತು. ಇದರಲ್ಲಿ ಯಾರದೂ ದುರುದ್ದೇಶ ಹುಡುಕಬೇಕಿಲ್ಲ, ವ್ಯಾಪಾರದ ರೀತಿ ಅದು. ಕೈಯಲ್ಲಿರುವ ಫೈಲು, ಕೊಂಡ ಸಿ.ಡಿ., ಮನೆಯ ಮದುವೆಯ ಧ್ವನಿಮುದ್ರಣ, ಇವುಗಳಿಂದ ಮಿಕ್ಸ್‌ಟೇಪು ಮಾಡಬೇಕೇ ಹೊರತು ಆಪ್‌ನಲ್ಲಿ ಓಡುತ್ತಿರುವುದನ್ನು ಹಿಡಿದು ಅಲ್ಲ.

ಚಿಕ್ಕಪ್ಪ: ಕಾನೂನು? ಹಾಡಿದವರಿಗೆ, ಬರೆದವರಿಗೆ ಇದರಿಂದ ಕವಡೆ ಕಾಸೂ ಬರುವುದಿಲ್ಲ.

ಮಗಳು: 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮು ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ನ್ಯಾಯಯುತವಾಗಿ ಉಪಯೋಗಿಸುವುದನ್ನು ಉಲ್ಲಂಘನೆ ಎಂದು ಎಣಿಸುವುದಿಲ್ಲ. 2012ರ ತಿದ್ದುಪಡಿಯ ಮೇಲೆ ಧ್ವನಿಮುದ್ರಣಗಳೂ ಅದರೊಳಗೆ ಬಂದವು. ಕೊಂಡ ಸಂಗೀತವನ್ನು ಮನೆಯಲ್ಲಿ ಕೇಳಲು ಟೇಪಿಗೆ ಇಳಿಸಿದರೆ ತೊಂದರೆ ಕಾಣುವುದಿಲ್ಲ. ಮಾರಿದರೆ ಆ ರಕ್ಷಣೆ ಇಲ್ಲ, ಇರಲೂಬಾರದು. ಕಲಾವಿದರಿಗೆ ಹಣ ಹೋಗಬೇಕು ಎನ್ನುವ ನಿಮ್ಮ ಮಾತು ಸರಿ. ಅದಕ್ಕೇ ಕೊಂಡು ತುಂಬಬೇಕು ಎನ್ನುವುದು.

ಚಿಕ್ಕಪ್ಪ: ಕೊನೆಯದು ಸಾಮಾನಿನ ಮಾತು. ಹೊಸ ಖಾಲಿ ಕ್ಯಾಸೆಟ್ ಅಮೆರಿಕದಲ್ಲಿ, ಫ್ರಾನ್ಸಿನಲ್ಲಿ ತಯಾರಾಗುತ್ತವೆ. ಇಲ್ಲಿಗೆ ತರಿಸಿದರೆ ಕ್ಯಾಸೆಟ್ಟಿಗಿಂತ ಸಾಗಣೆ ತುಟ್ಟಿ. ಈಗ ಬರುವ ಹೊಸ ಪ್ಲೇಯರುಗಳಲ್ಲಿ ಡಾಲ್ಬಿ ಇಲ್ಲ, ಯಂತ್ರಭಾಗವೂ ಹಗುರ. ಒಳ್ಳೆಯ ಡೆಕ್ಕು ಬೇಕಾದರೆ ಅಹಮದಾಬಾದಿನ ಭಾನುವಾರದ ಗುಜರಿ ಬಜಾರಿನಂಥ ಕಡೆ ಹಳೆಯದನ್ನು ಹುಡುಕಿ, ಬೆಲ್ಟು ಬದಲಿಸಿ, ಹೆಡ್ಡು ಒರೆಸಿ ಎಬ್ಬಿಸಬೇಕು. ಇಷ್ಟು ಪಾಡು ಪಟ್ಟು ಲೋಕಕ್ಕೆ ಇನ್ನಷ್ಟು ಪ್ಲಾಸ್ಟಿಕ್ ಸೇರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮಗಳು: ಹೊಸ ಕ್ಯಾಸೆಟ್ ಕೊಳ್ಳಬೇಕಾಗಿಲ್ಲ. ಮನೆ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳಿವೆ. ರೆಕಾರ್ಡಿಂಗ್ ತಡೆಯಲು ಹಿಂಬದಿಯ ಕಿವಿ ಮುರಿದಿದ್ದರೆ ಆ ಗುಳಿಗೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ರೆಕಾರ್ಡ್ ಆಗುತ್ತದೆ. 90 ನಿಮಿಷದವನ್ನೇ ಆರಿಸಿ. 120ರದ್ದರಲ್ಲಿ ಟೇಪು ತೀರಾ ತೆಳು, ಹಳೆಯ ಡೆಕ್ಕಿನಲ್ಲಿ ಬೇಗ ಎಳೆದುಕೊಳ್ಳುತ್ತದೆ.

ಚಿಕ್ಕಪ್ಪ: ಅಟ್ಟದ ಕ್ಯಾಸೆಟ್ ಅಂದೆಯಲ್ಲ, ಅಲ್ಲಿ ನನಗೆ ಭಯ. ಹೊರಗೆ ಚಿತ್ರಗೀತೆ ಎಂದು ಬರೆದಿರುತ್ತದೆ, ಒಳಗೆ ಬೇರೆ ಇರುತ್ತದೆ. ಎರಡನೆಯ ಬದಿಯ ಕೊನೆಯಲ್ಲಿ ಯಾರದೋ ಮನೆಯ ಸೋಬಾನೆ, ಊರ ಮೇಳದ ತಾಳಮದ್ದಲೆ, ದೂರದಲ್ಲಿದ್ದ ಮಗನಿಗೆ ತಾಯಿ ಕಾಗದದ ಬದಲು ಮಾತಾಡಿ ಕಳಿಸಿದ್ದು ಇರಬಹುದು. ಆ ಮಾತು ಇಡೀ ಜಗತ್ತಿನಲ್ಲಿ ಆ ಒಂದು ಟೇಪಿನಲ್ಲಿ ಮಾತ್ರ ಇರುತ್ತದೆ. ಅದರ ಮೇಲೆ ನೀನು ಎಲ್ಲರ ಬಳಿಯೂ ಇರುವ ಚಿತ್ರಗೀತೆ ತುಂಬಿದರೆ ‘ಆಲಂ ಆರಾ’ದ ಕಥೆಯೇ ಆಯಿತು, ಮನೆಯ ಮಟ್ಟದಲ್ಲಿ.

ಮಗಳು: ಇದಕ್ಕೆ ನನ್ನ ಬಳಿ ಎದುರುತ್ತರ ಇಲ್ಲ, ಸೇರಿಸುವುದು ಮಾತ್ರ ಇದೆ. ಅದೇ ತಂತಿ, ಅದೇ ಸಾಫ್ಟ್‌ವೇರ್ ಹಿಮ್ಮುಖವಾಗಿಯೂ ಕೆಲಸ ಮಾಡುತ್ತದೆ: ಡೆಕ್ಕಿನ ಲೈನ್ ಔಟನ್ನು ಕಂಪ್ಯೂಟರಿಗೆ ಕೊಟ್ಟು, ಹೆಡ್ಡಿನ ಓರೆಯನ್ನು ತಾರಕ ಸ್ಪಷ್ಟವಾಗುವವರೆಗೆ ಸಣ್ಣ ಸ್ಕ್ರೂ ಡ್ರೈವರಿನಿಂದ ಸರಿಮಾಡಿ, ಸಂಕುಚಿತಗೊಳಿಸದ ಫೈಲಾಗಿ ಇಳಿಸಿಕೊಳ್ಳುವುದು. ಯಾವ ದಿನ, ಯಾರ ದನಿ, ಯಾವ ಊರು ಎಂದು ಫೈಲಿನ ಹೆಸರಿನಲ್ಲೇ ಬರೆದಿಡುವುದು. ಮಿಕ್ಸ್‌ಟೇಪು ಮಾಡಹೊರಟವರು ಮೊದಲು ಮಾಡಬೇಕಾದ ಕೆಲಸ ಇದೇ. ಅಟ್ಟದಿಂದ ಕ್ಯಾಸೆಟ್ ಇಳಿಸುವ ಯಾರೇ ಆಗಲಿ, ಮೇಲೆ ಏನು ಬರೆದಿದೆ ಎಂದು ನಂಬದೆ ಎರಡೂ ಬದಿಗಳನ್ನು ಕೊನೆಯವರೆಗೆ ಕೇಳಿ, ಬೇಕಾದದ್ದನ್ನು ಕಂಪ್ಯೂಟರಿಗೆ ಇಳಿಸಿ, ಮೂರು ಕಡೆ ಇಟ್ಟ ಮೇಲೆಯೇ ರೆಕಾರ್ಡ್ ಗುಂಡಿ ಒತ್ತಿ.